ಕರುಳಿಗೆ 100ಕ್ಕೆ 47

ಮೊನ್ನೆ ರಾತ್ರಿ ಹತ್ತೂವರೆಗೆ ಗೆಳೆಯನ ಫೋನ್ ಬಂತು. ದನಿ ಇಳಿದುಹೋಗಿತ್ತು. "ಫೇಲ್ ಆಗ್ಬಿಟ್ಟೆ ಕಣೋ" ಅಂದ. ಐವತ್ತು ದಾಟಿದ ಮನುಷ್ಯ ಈಗ ಯಾವ ಪರೀಕ್ಷೆ ಬರೆದ ಅಂತ ನನಗೆ ದಿಗಿಲಾಯಿತು. ಬರೆದಿರಲಿಲ್ಲ. ತನ್ನ ಮಲವನ್ನು ಡಬ್ಬಿಗೆ ತುಂಬಿ ಪರೀಕ್ಷೆಗೆ ಕಳಿಸಿದ್ದ. ಕರುಳಿನ ಆರೋಗ್ಯಕ್ಕೆ 100ಕ್ಕೆ 47 ಅಂತ ಆ್ಯಪ್‌ನಲ್ಲಿ ಫಲಿತಾಂಶ ಬಂದಿತ್ತು. ಪಕ್ಕದಲ್ಲೇ 'ಕರುಳಿನ ವಯಸ್ಸು 64'. ಅವನಿಗೆ 52. ಅಂದರೆ ಅವನ ಕರುಳು ಅವನಿಗಿಂತ 12 ವರ್ಷ ಮೊದಲೇ ಹುಟ್ಟಿ, ಯಾರಿಗೂ ಹೇಳದೆ ನಿವೃತ್ತಿಯನ್ನೂ ಪಡೆದಿದೆ.

ಇದು ನಿಮಗೂ ಗೊತ್ತಿರುವ ಕಥೆಯೇ. ಫೋನ್ ಕೈಗೆತ್ತಿಕೊಂಡರೆ ಸಾಕು, ಯಾರೋ ಒಬ್ಬರು ನಗುತ್ತಾ ಬಂದು ನಿಮ್ಮ ಸುಸ್ತು, ಮೊಡವೆ, ಸಿಟ್ಟು, ಮರೆವು ಎಲ್ಲಕ್ಕೂ ಕರುಳೇ ಕಾರಣ ಅನ್ನುತ್ತಾರೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಪುಡಿಯ ಪೊಟ್ಟಣ ಹೊರಗೆ ಬರುತ್ತದೆ. ಮೊದಲೆಲ್ಲ ಇದಕ್ಕೆ ಗ್ರಹಚಾರ ಅನ್ನುತ್ತಿದ್ದೆವು. ಈಗ ಮೈಕ್ರೋಬಯೋಮ್ ಅನ್ನುತ್ತೇವೆ, ಅಂದರೆ ಮೈಯೊಳಗಿನ ಸೂಕ್ಷ್ಮಜೀವಿಗಳ ದಂಡು. ಗ್ರಹಗಳು ದೂರದಲ್ಲಿದ್ದವು, ಇವು ಹೊಟ್ಟೆಯೊಳಗೇ ಕೂತಿವೆ. ಅಷ್ಟೇ ವ್ಯತ್ಯಾಸ.

ಕೂತಿರುವುದಂತೂ ನಿಜ. ನಮ್ಮ ಮೈಯಲ್ಲಿ ನಮ್ಮದೇ ಜೀವಕೋಶಕ್ಕಿಂತ 10 ಪಟ್ಟು ಬ್ಯಾಕ್ಟೀರಿಯಾ ಇದೆ ಅಂತ ಎಲ್ಲ ಜಾಹೀರಾತುಗಳೂ ಹೇಳುತ್ತವಲ್ಲ, ಅದು 1972ರಲ್ಲಿ ಥಾಮಸ್ ಲಕ್ಕಿ ಎಂಬ ವಿಜ್ಞಾನಿ ಸುಮ್ನೆ ಅಂದಾಜಿಗೆ ಹಾಕಿದ ಲೆಕ್ಕ. 40 ವರ್ಷ ಎಲ್ಲರೂ ಅದನ್ನೇ ಕಾಪಿ ಹೊಡೆದರು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ತಂಡದವರು ಕೂತು ಮತ್ತೆ ಎಣಿಸಿದರು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಜೀವಕೋಶ ಸುಮಾರು 30 ಲಕ್ಷ ಕೋಟಿ. ಹೆಚ್ಚೂಕಡಿಮೆ ಸಮ. ಆ ಬ್ಯಾಕ್ಟೀರಿಯಾ ಎಲ್ಲದರ ಒಟ್ಟು ತೂಕ ಸುಮಾರು 200 ಗ್ರಾಂ. ಒಂದು ಸಲ ಶೌಚಕ್ಕೆ ಹೋಗಿ ಬಂದರೆ ಬಹುಮತ ನಮ್ಮ ಕಡೆಗೆ ತಿರುಗಬಹುದು ಅಂತಲೂ ಅವರೇ ಬರೆದಿದ್ದಾರೆ. ದಿನಾ ಬೆಳಿಗ್ಗೆ ಒಂದು ಸರ್ಕಾರ ಬೀಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಜಾಹೀರಾತಿನಲ್ಲಿ ಮಾತ್ರ ಇವತ್ತಿಗೂ 10 ಪಟ್ಟೇ. ಸಮ ಸಮ ಅಂದರೆ ಪುಡಿ ಯಾರು ಕೊಳ್ಳುತ್ತಾರೆ?

ಗೆಳೆಯ ಡಬ್ಬಿ ಬಂದ ದಿನವೇ ನನಗೆ ತೋರಿಸಿದ್ದ. ಒಳಗೆ ಬೆರಳುದ್ದದ ಟ್ಯೂಬು. ಮುಚ್ಚಳಕ್ಕೇ ಅಂಟಿಕೊಂಡ ಪುಟಾಣಿ ಚಮಚ. ಕಮೋಡಿಗೆ ಅಡ್ಡ ಹಾಸಲು ಒಂದು ಕಾಗದ. ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ತುಂಬಬೇಡಿ ಅಂತ ಸೂಚನೆ. ಇದೆಲ್ಲದರ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಒಂದು ಕಾರ್ಡು: 'ನಿಮ್ಮನ್ನು ನೀವು ಅರಿಯಲು ಸ್ವಾಗತ'. ಹಿಂದಿನವರು ಇದಕ್ಕಾಗಿ ಕಾಡಿಗೆ ಹೋಗುತ್ತಿದ್ದರು. ಇವನು ಕಮೋಡಿಗೆ ಹೋದ.

ಮೂರು ವಾರಕ್ಕೆ ಬಂದ ವರದಿ ನೋಡಲು ಚೆನ್ನಾಗಿದೆ, ಸುಳ್ಳು ಹೇಳಬಾರದು. ದೊಡ್ಡದೊಂದು ಬಣ್ಣದ ಚಕ್ರ. ನೇರಳೆ ತುಂಡು ಬ್ಯಾಕ್ಟೀರಾಯ್ಡೀಟಿಸ್, ಹಸಿರು ತುಂಡು ಫರ್ಮಿಕ್ಯೂಟ್ಸ್, ಎರಡೂ ಕರುಳಿನ ಬ್ಯಾಕ್ಟೀರಿಯಾಗಳ ದೊಡ್ಡ ಗುಂಪುಗಳು. ಈ ಎರಡರ ಅನುಪಾತ ಕೆಟ್ಟಿದೆ ಅಂತ ಕೆಂಪು ಬಾಣ. ಈ ಅನುಪಾತವನ್ನು ವರದಿಯಲ್ಲಿ ಹಾಕಬೇಡಿ, ಡಾಕ್ಟರು ಹೇಳದೆ ಇಂಥ ಪರೀಕ್ಷೆ ಮಾಡಿಸಿಕೊಳ್ಳುವುದೂ ಬೇಡ ಅಂತ 2024ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ ಹೇಳಿದರು. ಇವನ ವರದಿಯಲ್ಲಿ ಅದು ಮೊದಲ ಪುಟದಲ್ಲೇ ಇದೆ, ದಪ್ಪ ಅಕ್ಷರದಲ್ಲಿ.

ಅಮೆರಿಕದಲ್ಲಿ ತೂಕ, ಅಳತೆ, ಗಡಿಯಾರ ಎಲ್ಲಕ್ಕೂ ಪ್ರಮಾಣ ಗೊತ್ತುಮಾಡುವ ಸರ್ಕಾರಿ ಸಂಸ್ಥೆ ಒಂದಿದೆ, ನಿಸ್ಟ್ ಅಂತ. ಅವರು ಒಂದೇ ಮಲವನ್ನು ಹದವಾಗಿ ಕಲಸಿ, ಪಾಲು ಮಾಡಿ, ಇಂಥ ಪರೀಕ್ಷೆ ಮಾಡುವ 7 ಕಂಪನಿಗಳಿಗೆ ಕಳಿಸಿ ನೋಡಿದರು. ಬೇರೆ ಬೇರೆ ಮನುಷ್ಯರ ನಡುವೆ ಇರುವಷ್ಟು ವ್ಯತ್ಯಾಸ ಕಂಪನಿ ಕಂಪನಿಗಳ ನಡುವೆಯೇ ಕಂಡಿತು. ಕೊನೆಗೆ 2025ರಲ್ಲಿ ಅವರೇ 'ಪ್ರಮಾಣಿತ ಮಲ'ವನ್ನು ಬಿಡುಗಡೆ ಮಾಡಿದರು. ತಮಾಷೆ ಅಲ್ಲ. ಸಸ್ಯಾಹಾರಿಗಳದ್ದು ಬೇರೆ, ಮಾಂಸ ತಿನ್ನುವವರದ್ದು ಬೇರೆ, ಪುಟ್ಟ ಸೀಸೆಗಳಲ್ಲಿ. ನಗಬೇಡಿ, ಈ ಇಡೀ ದಂಧೆಯಲ್ಲಿ ಮರ್ಯಾದೆಯ ಕೆಲಸ ಅಂದರೆ ಅದೊಂದೇ. ಅಳೆಯುವ ಮೊದಲು ಅಳತೆಗೋಲು ಸರಿ ಇದೆಯಾ ಅಂತ ನೋಡಿದವರು ಅವರು ಮಾತ್ರ.

ಕರುಳಿನ ಮೇಲೆ ಹೀಗೆ ಗೂಬೆ ಕೂರಿಸುವುದು ಹೊಸದೇನಲ್ಲ. ಇಲ್ಯಾ ಮೆಚ್ನಿಕಾಫ್ ಅಂತ ಒಬ್ಬರಿದ್ದರು. ರೋಗನಿರೋಧಕ ಶಕ್ತಿಯ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂದವರು, ದೊಡ್ಡ ತಲೆ. ದೊಡ್ಡ ಕರುಳಿನಲ್ಲಿ ಕೊಳೆಯುವುದರಿಂದಲೇ ನಾವು ಮುದುಕರಾಗುತ್ತೇವೆ ಅಂತ ಅವರು ನಂಬಿದ್ದರು. ಹುಳಿ ಬರಿಸಿದ ಹಾಲು ಕುಡಿದು ಆ ಕೊಳೆತಕ್ಕೆ ತಡೆ ಹಾಕಬೇಕು ಅಂದರು, ತಾವೂ ಕುಡಿದರು, 71ಕ್ಕೆ ತೀರಿಕೊಂಡರು. ಅವರೇನೋ ಕುಡಿದು ಸುಮ್ಮನಾದರು. ಲಂಡನ್ನಿನ ಸರ್ಜನ್ ಅರ್ಬತ್‌ನಾಟ್ ಲೇನ್ ಚಾಕು ಎತ್ತಿಕೊಂಡ. ಮಲಬದ್ಧತೆ ಅಂತ ಬಂದವರ ದೊಡ್ಡ ಕರುಳನ್ನೇ ತೆಗೆದುಹಾಕಿದ. ಅಮೆರಿಕದ ಟ್ರೆಂಟನ್ನಿನಲ್ಲಿ ಹೆನ್ರಿ ಕಾಟನ್ ಎಂಬ ಮನೋವೈದ್ಯ ಇನ್ನೂ ಮುಂದೆ ಹೋದ. ಹುಚ್ಚಿಗೆ ಕಾರಣ ಮೈಯೊಳಗಿನ ಸೋಂಕು ಅಂತ ಮೊದಲು ಹಲ್ಲು ಕೀಳಿಸಿದ, ಆಮೇಲೆ ಟಾನ್ಸಿಲ್, ಆಮೇಲೆ ಕರುಳು. ಎಷ್ಟೋ ರೋಗಿಗಳು ಸತ್ತರು. ತನ್ನ ಹಲ್ಲನ್ನೂ ಕೀಳಿಸಿಕೊಂಡ, ಪ್ರಾಮಾಣಿಕ ಮನುಷ್ಯ. ಅದಕ್ಕೆ ಹೋಲಿಸಿದರೆ ನಮ್ಮ ಕಾಲದವರು ದಯಾಳುಗಳು. ಕರುಳನ್ನು ಅಲ್ಲೇ ಬಿಟ್ಟು ಬರೀ ಜೇಬು ಕತ್ತರಿಸುತ್ತಾರೆ.

ಎಲ್ಲಿದ್ದೆ? ಹಾಂ, 47.

ವಿಜ್ಞಾನವನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ಸೂಕ್ಷ್ಮಜೀವಿಗಳಿಂದ ಬದುಕಿದವರಿದ್ದಾರೆ. ಸಿ ಡಿಫ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಆ್ಯಂಟಿಬಯಾಟಿಕ್ ತಗೊಂಡು ಕರುಳಿನಲ್ಲಿದ್ದ ಒಳ್ಳೆಯವರೆಲ್ಲ ಖಾಲಿಯಾದಾಗ ಇದು ಬಂದು ಠಿಕಾಣಿ ಹೂಡುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ಭೇದಿ, ಔಷಧಿ ಕೊಟ್ಟರೆ ಹೋಗಿ ಮತ್ತೆ ಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇಂಥವರ ಮೂಗಿನಿಂದ ಸಣ್ಣ ಕರುಳಿಗೆ ನಳಿಗೆ ಇಳಿಸಿ, ಆರೋಗ್ಯವಂತರ ಮಲವನ್ನು ಉಪ್ಪುನೀರಲ್ಲಿ ಕದಡಿ ಸೋಸಿ ಬಿಟ್ಟರು. 16 ಜನರಲ್ಲಿ 15 ಜನ ಗುಣವಾದರು. ಬರೀ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತಗೊಂಡ 13 ಜನರಲ್ಲಿ ಗುಣವಾದವರು 4. ಇಷ್ಟು ಅಂತರ ಕಂಡ ಮೇಲೆ ಉಳಿದವರಿಗೆ ಅದನ್ನು ಕೊಡದೆ ಇರುವುದು ಸರಿಯಲ್ಲ ಅಂತ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಇದು ಪ್ರಕಟವಾಗಿದ್ದು 2013ರಲ್ಲಿ. 2023ರ ಹೊತ್ತಿಗೆ ಅಮೆರಿಕದಲ್ಲಿ ಇದರ ಮಾತ್ರೆಯೂ ಬಂತು, ಸಿ ಡಿಫ್ ಮರುಕಳಿಸದಿರಲಿ ಅಂತ.

ಒಂದು ರೋಗ. ಸದ್ಯಕ್ಕೆ ಗಟ್ಟಿಯಾಗಿ ಕೈಗೆ ಸಿಕ್ಕಿರುವುದು ಇದೊಂದೇ. ಚರ್ಮದ ಕ್ಯಾನ್ಸರ್ ಮೆಲನೋಮಾದ ಕೆಲವು ರೋಗಿಗಳಲ್ಲಿ ಒಳ್ಳೆಯ ಸೂಚನೆ ಕಂಡಿದೆ, ಕೆಲಸ ನಡೀತಾ ಇದೆ. ಆದರೆ ಈ ಒಂದರ ಹೆಸರು ಹೇಳಿಕೊಂಡು ಬೋಳುತಲೆಯಿಂದ ಬೇಸರದವರೆಗೆ ಎಲ್ಲದಕ್ಕೂ ಅಂಗಡಿ ತೆರೆದಾಗಿದೆ. ಮನೆಯಲ್ಲೇ ಮಲವನ್ನು ಮಿಕ್ಸಿಗೆ ಹಾಕಿ ಈ ಚಿಕಿತ್ಸೆ ಮಾಡಿಕೊಳ್ಳುವ ಧೀರರೂ ಇದ್ದಾರೆ. ಆಸ್ಪತ್ರೆಯಲ್ಲಿ ಡಾಕ್ಟರುಗಳು ಕೊಟ್ಟ ಮಲದಿಂದಲೇ ಇಬ್ಬರಿಗೆ ಔಷಧಿಗೆ ಬಗ್ಗದ ಇ ಕೋಲೈ ಸೋಂಕು ತಗುಲಿ, ಒಬ್ಬರು ಸತ್ತರು ಅಂತ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಮಿಕ್ಸಿಯವರಿಗೆ ಅದನ್ನು ಯಾರು ಓದಿ ಹೇಳಬೇಕು?

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ರಕ್ತ ಮತ್ತು ಗೆಡ್ಡೆಯಲ್ಲಿರುವ ಸೂಕ್ಷ್ಮಜೀವಿಗಳ ಗುರುತು ಹಿಡಿದು ಯಾವ ಕ್ಯಾನ್ಸರ್ ಅಂತ ಹೇಳಬಹುದು ಎಂದಿತು. ಎಲ್ಲರೂ ಕುಣಿದರು. ಆಮೇಲೆ ಬೇರೆಯವರು ಲೆಕ್ಕ ಬಿಚ್ಚಿ ನೋಡಿದರೆ, ಮನುಷ್ಯನ ಡಿಎನ್‌ಎ ತುಣುಕುಗಳೇ ಬ್ಯಾಕ್ಟೀರಿಯಾದ ಖಾತೆಗೆ ಜಮೆಯಾಗಿದ್ದವು. 2024ರಲ್ಲಿ ಲೇಖನ ವಾಪಸ್ ಆಯಿತು. ನಾಚಿಕೆಯ ವಿಷಯವೇ, ಆದರೆ ವಾಪಸ್ ಆಯಿತಲ್ಲ. ಯಾವುದಾದರೂ ಆ್ಯಪ್ 'ಕ್ಷಮಿಸಿ, ನಿಮ್ಮ ಕರುಳಿಗೆ 64 ಅಲ್ಲ' ಅಂತ ವಾಪಸ್ ತಗೊಂಡಿದ್ದು ಕೇಳಿದ್ದೀರಾ?

ಗೆಳೆಯನನ್ನು ಕೇಳಿದೆ, ಡಬ್ಬಿ ಕಳಿಸುವ ಮೊದಲು ಏನಾದ್ರೂ ಮಾತ್ರೆ ತಗೊಂಡಿದ್ಯಾ ಅಂತ. ಶೀತ ಆಗಿತ್ತಂತೆ. ಮೂಗು ಸೋರುವ ಶೀತ. ಡಾಕ್ಟರು ಐದು ದಿನದ ಆ್ಯಂಟಿಬಯಾಟಿಕ್ ಬರೆದಿದ್ದಾರೆ. ಹೊಟ್ಟೆ ಕೆಡದಿರಲಿ ಅಂತ ಜೊತೆಗೊಂದು ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ್ದು. ಹೊಟ್ಟೆ ಕೆಟ್ಟಿದೆ. ಕೆಟ್ಟ ಹೊಟ್ಟೆಯನ್ನು ಅರಿಯಲು ಡಬ್ಬಿ ತರಿಸಿದ್ದಾನೆ. ಆ್ಯಪ್ ಅವನ ನಿದ್ದೆ ಕೇಳಿದೆ, ಮನಸ್ಸಿನ ನೆಮ್ಮದಿ ಕೇಳಿದೆ, ಸಾಕುಪ್ರಾಣಿ ಇದೆಯಾ ಅಂತ ಕೇಳಿದೆ. ಕಳೆದ ತಿಂಗಳು ಆ್ಯಂಟಿಬಯಾಟಿಕ್ ನುಂಗಿದ್ದೀರಾ ಅಂತ ಕೇಳಿಲ್ಲ.

ಇಲ್ಲಿ ನನಗೆ ನಗು ಬರುವುದಿಲ್ಲ. ಶೀತ ಬರುವುದು ವೈರಸ್‌ನಿಂದ. ಆ್ಯಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡಲ್ಲ. ಇದು ಬರೆದುಕೊಟ್ಟ ಡಾಕ್ಟರಿಗೂ ಗೊತ್ತು, ಮಾರಿದವನಿಗೂ ಗೊತ್ತು. ಅದರ ಜೊತೆ ಬರೆಯುವ ಪ್ರೋಬಯಾಟಿಕ್ ಕರುಳಿನ ಹಳೆಯ ವಾಸಿಗಳು ವಾಪಸ್ ಬರುವುದನ್ನು ತಡ ಮಾಡಬಹುದು ಅಂತ 2018ರಲ್ಲೇ ಅದೇ ವೈಜ್‌ಮನ್ ಸಂಸ್ಥೆಯವರು ತೋರಿಸಿದ್ದಾರೆ. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೆ ಬೇಡದ ಆ್ಯಂಟಿಬಯಾಟಿಕ್ ಕೊಡಬೇಡಿ ಅನ್ನುವುದಕ್ಕೆ ಯಾವ ಪ್ರಯೋಗ ಬೇಕು? ಅದಕ್ಕೆ ಡಬ್ಬಿ ಬೇಡ, ಆ್ಯಪ್ ಬೇಡ, ಪುಡಿ ಬೇಡ. ಅದಕ್ಕೇ ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಮೊದಲು ಊರಿಗೆ ಬೆಂಕಿ ಇಡುವುದು, ಆಮೇಲೆ ಬೂದಿಗೆ ಅಂಕ ಕೊಡುವುದು, ಕೊನೆಗೆ ಗಿಡದ ಬೀಜ ಮಾರುವುದು. ಹೇಳಿ ಹೇಳಿ ಸಾಕಾಗಿದೆ.

ಇಷ್ಟನ್ನೂ ಅವನಿಗೆ ಹೇಳಿದೆ. ಅರ್ಧ ಗಂಟೆ ಹೇಳಿದೆ. "ಕರೆಕ್ಟು ಕಣೋ, ನೀನು ಹೇಳೋದು ಸರಿ" ಅಂದ. ಪುಡಿಯನ್ನು ಆಗಲೇ ಮೂರು ತಿಂಗಳಿಗೆ ತರಿಸಿಯಾಗಿತ್ತು.

ಇವತ್ತು ಬೆಳಿಗ್ಗೆ ಅವನ ಮೆಸೇಜ್ ಬಂತು. ಮತ್ತೆ ಮೂಗು ಸೋರ್ತಿದೆ, ಹೋದ ಸಲದ್ದು ಎರಡು ಮಾತ್ರೆ ಉಳಿದಿದೆ, ನುಂಗ್ಲಾ?