ಸುಂಕದವನ ಮುಂದೆ ಪಾರ್ಸೆಲ್

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎಂದು ಗಾದೆ ಕಟ್ಟಿದವರ ಕಾಲದಲ್ಲಿ ಸುಂಕದವನು ಕಣ್ಣಿಗಾದರೂ ಕಾಣುತ್ತಿದ್ದ. ಕಟ್ಟೆಯ ಮೇಲೆ ಕೂತಿರುತ್ತಿದ್ದ, ಶಪಿಸುವುದಕ್ಕೆ ಒಂದು ಮುಖವಿತ್ತು. ಈಗ ಅವನು ಟ್ರ್ಯಾಕಿಂಗ್ ಪುಟದ ಒಂದು ಸಾಲಾಗಿಬಿಟ್ಟಿದ್ದಾನೆ: 'ಕಸ್ಟಮ್ಸ್ ಪರಿಶೀಲನೆಯಲ್ಲಿದೆ'. ದಿನಕ್ಕೆ ಹದಿನಾರು ಸಲ ಪುಟ ತೆರೆದರೂ ಸಾಲು ಹಾಗೇ ಇರುತ್ತದೆ. ಹದಿನೇಳನೆಯ ಸಲ ಬದಲಾದರೆ, 'ಹಣ ಪಾವತಿ ಬಾಕಿ' ಎಂದಾಗಿರುತ್ತದೆ.

ಆಗ ಹೊರಡುವ ಮೊದಲ ಉದ್ಗಾರ ಎಲ್ಲರದೂ ಒಂದೇ: 'ಫ್ರೀ ಶಿಪ್ಪಿಂಗ್ ಅಂತ ಹಾಕಿದ್ದರಲ್ಲ!' ಹಾಕಿದ್ದರು, ನಿಜ. ಸಾಗಣೆ ಉಚಿತ ಎಂದರು, ಸುಂಕದ ಮಾತೇ ಎತ್ತಲಿಲ್ಲ. ಎತ್ತದ ಮಾತನ್ನು ನಾವೇ ನಮಗೆ ಅನುಕೂಲವಾಗುವಂತೆ ಕೇಳಿಸಿಕೊಂಡೆವು.

ಕಾರ್ಟಿನಲ್ಲಿ ನೂರಿದ್ದದ್ದು ಬಾಗಿಲಿಗೆ ಬರುವಷ್ಟರಲ್ಲಿ ಹೇಗೆ ಉಬ್ಬುತ್ತದೆ ಎನ್ನುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಯಾವ ದೇಶದ ಹಣವೆಂಬುದು ಬೇಡ, ಬರೀ ಅಂಕಿ ಸಾಕು. ವಸ್ತುವಿಗೆ 100, ಸಾಗಣೆಗೆ 20, ವಿಮೆಗೆ 2. ಬಹಳಷ್ಟು ದೇಶಗಳಲ್ಲಿ ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಮೂರನ್ನೂ ಕೂಡಿಸಿದ 122ರ ಮೇಲೆ ಹಾಕುತ್ತಾರೆ. ಕಸುಬಿನವರು ಇದಕ್ಕೆ ಸಿಐಎಫ್ ಮೌಲ್ಯ ಎನ್ನುತ್ತಾರೆ. ಸುಂಕ ಶೇ 10 ಎಂದುಕೊಂಡರೆ 12.20. ಈಗ ಮೊತ್ತ 134.20. ಇದರ ಮೇಲೆ ಶೇ 20ರ ಮೌಲ್ಯವರ್ಧಿತ ತೆರಿಗೆ, ಅಂದರೆ 26.84. ಗಮನಿಸಿ, ತೆರಿಗೆ ಬಿದ್ದದ್ದು ಸುಂಕದ ಮೇಲೂ. ಮೊತ್ತ 161.04. ಇಷ್ಟನ್ನು ಸರ್ಕಾರಕ್ಕೆ ನಿಮ್ಮ ಪರವಾಗಿ ಮುಂಗಡ ಕಟ್ಟಿದ ಉಪಕಾರಕ್ಕೆ ಕೊರಿಯರ್‌ನವರ ಶುಲ್ಕ 15, ಆ ಶುಲ್ಕದ ಮೇಲಿನ ತೆರಿಗೆ 3. ಒಟ್ಟು 179.04.

ಇದರಲ್ಲಿ ನಿಜವಾಗಿ ಕಚ್ಚುವುದು ಕೊನೆಯ ಕಂತು. ಸುಂಕ, ತೆರಿಗೆಗಳು ಶೇಕಡಾ ಲೆಕ್ಕದವು. ವಸ್ತು ಸಣ್ಣದಾದರೆ ಅವೂ ಸಣ್ಣವು. ಕೊರಿಯರ್ ಶುಲ್ಕಕ್ಕೆ ಮಾತ್ರ ಸಾಮಾನ್ಯವಾಗಿ ಒಂದು ಕನಿಷ್ಠ ಮೊತ್ತವಿರುತ್ತದೆ. ಎಂಟು ನಾಣ್ಯದ ಮೊಬೈಲ್ ಕವಚ ತರಿಸಿದರೂ ಹದಿನೈದು ನಾಣ್ಯದ ಶುಲ್ಕ ತಪ್ಪದು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಲ್ಲಿ ಉಪಮೆಯಲ್ಲ, ರಸೀದಿ. ಅಂಚೆ ಇಲಾಖೆಗಳ ನಿರ್ವಹಣಾ ಶುಲ್ಕ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಹಾಗಾಗಿ ಅವಸರವಿಲ್ಲದ ಸಣ್ಣ ಸಾಮಾನಿಗೆ ಅಂಚೆಯೇ ವಾಸಿ. ನಿಧಾನ ಹೌದು, ಆದರೆ ಮೊಬೈಲ್ ಕವಚಕ್ಕೆ ಎಂಥ ಅವಸರ?

ಅಮೆರಿಕ, ಕೆನಡಾ, ಆಸ್ಟ್ರೇಲಿಯದಂಥ ದೇಶಗಳು ಸುಂಕದ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಸಾಗಣೆಯನ್ನು ಬಿಟ್ಟು ವಸ್ತುವಿನ ಬೆಲೆಯನ್ನಷ್ಟೇ ಹಿಡಿಯುತ್ತವೆ. ಬೇರೆ ದೇಶದಲ್ಲಿರುವ ನೆಂಟರು 'ನಮಗೇನೂ ಅಷ್ಟು ಬೀಳಲಿಲ್ಲವಲ್ಲ' ಎಂದಾಗ ಅವರ ಮೇಲೆ ಸಂಶಯ ಪಡಬೇಕಿಲ್ಲ. ಅವರ ಗಣಿತ ಬೇರೆ.

ಇನ್ನು ಎಚ್‌ಎಸ್ ಕೋಡ್ ಎಂಬ ವಿಸ್ಮಯ: ಯಾವ ವಸ್ತುವಿಗೆ ಎಷ್ಟು ಸುಂಕ ಎಂಬುದಕ್ಕೆ ಆಧಾರವಾಗುವ ವರ್ಗೀಕರಣದ ಸಂಖ್ಯೆ. ಸುಂಕದವನಿಗೆ ನಿಮ್ಮ ವಸ್ತು ಎಷ್ಟು ಚೆನ್ನಾಗಿದೆ ಎಂಬುದು ಬೇಡ, ಅದು ಏನು ಎಂಬುದು ಬೇಕು. ವೇದಾಂತಿಗಳು ಕೇಳುವ ಈ ಪ್ರಶ್ನೆಗೆ ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ 6 ಅಂಕಿಯಲ್ಲಿ ಉತ್ತರ ಬರೆದಿಟ್ಟಿದೆ. 1988ರಿಂದ ಜಾರಿಯಲ್ಲಿರುವ ಈ ಪಟ್ಟಿಯ ಮೊದಲ 6 ಅಂಕಿ ಅದನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ; ಮುಂದಕ್ಕೆ 8, 10 ಅಂಕಿಯವರೆಗೆ ಆಯಾ ದೇಶದವರು ತಮಗೆ ಬೇಕಾದಂತೆ ಬೆಳೆಸಿಕೊಳ್ಳುತ್ತಾರೆ. ಅಚ್ಚಾದ ಪುಸ್ತಕ 4901. ಖಾಲಿ ಡೈರಿ 4820. ಬರೆದು ಮುಗಿಸಿದ್ದರೆ ಒಂದು ದರ, ಇನ್ನೂ ಬರೆಯಬೇಕಾಗಿದ್ದರೆ ಇನ್ನೊಂದು. ಅನೇಕ ದೇಶಗಳಲ್ಲಿ ಮೊದಲನೆಯದಕ್ಕೆ ಸುಂಕ ಕಡಿಮೆ, ಅಥವಾ ಇಲ್ಲವೇ ಇಲ್ಲ. ಬರೆಯುವ ಸಂಕಲ್ಪಕ್ಕೆ ಮಾತ್ರ ರಿಯಾಯಿತಿ ಸಿಗುವುದು ಅಪರೂಪ. ಬಟ್ಟೆಯಾದರೆ ಹೆಣೆದದ್ದು 61ನೇ ಅಧ್ಯಾಯಕ್ಕೆ, ನೇಯ್ದದ್ದು 62ಕ್ಕೆ. ಒಂದೇ ಬಣ್ಣದ, ಒಂದೇ ಅಳತೆಯ ಎರಡು ಅಂಗಿಗಳು ಇಲ್ಲಿ ದಾಯಾದಿಗಳಾಗಿ ಬೇರೆ ಬೇರೆ ಮನೆ ಹೂಡುತ್ತವೆ.

ಇದೆಲ್ಲ ಕೂದಲು ಸೀಳುವ ಕೆಲಸ ಎನಿಸಿದರೆ, ಇದಕ್ಕಾಗಿ ಕೋರ್ಟು ಹತ್ತಿದವರಿದ್ದಾರೆ. ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ಮುಂದೆ, ಚಿತ್ರಕಥೆಯ ಅತಿಮಾನುಷ ವೀರರ ಪುಟ್ಟ ಪ್ರತಿಮೆಗಳು ಗೊಂಬೆಗಳೋ ಆಟಿಕೆಗಳೋ ಎಂಬ ಪ್ರಶ್ನೆ ಬಂತು. ಗೊಂಬೆ ಎಂದರೆ ಮನುಷ್ಯನ ರೂಪ, ಅದಕ್ಕೆ ಆಗಿದ್ದ ಸುಂಕ ಶೇ 12. ಮನುಷ್ಯನಲ್ಲದ್ದು ಆಟಿಕೆ, ಶೇ 6.8. ಆ ವೀರರು ಮನುಷ್ಯರಲ್ಲ ಎಂದು 2003ರಲ್ಲಿ ತೀರ್ಪಾಯಿತು. ಕಂಪನಿಗೆ ಸುಂಕ ಉಳಿಯಿತು, ಅಭಿಮಾನಿಗಳಿಗೆ ಬೇಸರವಾಯಿತು. 2017ರಲ್ಲಿ ಅದೇ ನ್ಯಾಯಾಲಯ, ತೋಳುಗಳಿರುವ ಕಂಬಳಿಯೊಂದು ಉಡುಪೋ ಕಂಬಳಿಯೋ ಎಂದು ವಿಚಾರಿಸಿ, ಕಂಬಳಿಯೇ ಎಂದಿತು. ಉಡುಪಾಗಿದ್ದರೆ ಶೇ 14.9, ಕಂಬಳಿಯಾದ್ದರಿಂದ ಶೇ 8.5.

ನೀವು ಕೋರ್ಟಿಗೆ ಹೋಗಬೇಕಿಲ್ಲ. ಆದರೆ ಮಾರುವವನು ಪೆಟ್ಟಿಗೆಯ ಮೇಲೆ ಏನು ಬರೆಯುತ್ತಾನೆ ಎಂದು ಕೇಳಿಕೊಳ್ಳಬೇಕು. 'ಬಿಡಿಭಾಗ', 'ಸ್ಯಾಂಪಲ್', 'ಪರಿಕರ' ಎಂದು ಬರೆದ ಪಾರ್ಸೆಲ್ಲುಗಳು ತಡೆಯಲ್ಲಿ ಕೂರುವುದಕ್ಕೆಂದೇ ಹುಟ್ಟಿದವು. ಯಾವುದರಿಂದ ಮಾಡಿದ್ದು, ಯಾವುದಕ್ಕೆ ಬಳಸುವುದು, ಎಷ್ಟು, ಈ ಮೂರೂ ಒಂದೇ ಸಾಲಿನಲ್ಲಿರಬೇಕು: 'ಗಂಡಸರ ಟಿ-ಶರ್ಟ್, ಹತ್ತಿ, ಹೆಣೆದದ್ದು, 2'. ಅಂಚೆಯಲ್ಲಿ ಬರುವ ಸಣ್ಣ ಪೊಟ್ಟಣಕ್ಕೆ ಒಳಗೇನಿದೆ, ಬೆಲೆಯೆಷ್ಟು ಎಂದು ಕಸ್ಟಮ್ಸ್‌ಗೆ ತಿಳಿಸುವ ಸಿಎನ್ 22 ಎಂಬ ಚೀಟಿ, ಬೆಲೆ ಹೆಚ್ಚಿದ್ದರೆ ಸಿಎನ್ 23 ಎಂಬ ದೊಡ್ಡ ನಮೂನೆ. ಆ ಚೀಟಿ ಪೆಟ್ಟಿಗೆಯ ಒಳಗೆ ಸೇರಿಬಿಟ್ಟರೆ, ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಂತೆ.

ಬೆಲೆಯ ವಿಷಯಕ್ಕೆ ಬಂದರೆ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ, ಅದು ಕೆಲಸಕ್ಕೆ ಬಾರದು. 'ಗಿಫ್ಟ್ ಅಂತ ಬರೆದುಬಿಡಿ' ಎಂದು ಮಾರುವವನಿಗೆ ಮೆಸೇಜು ಕಳಿಸುವುದು. ಗಿಫ್ಟ್ ಎಂದರೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ದುಡ್ಡು ತೆಗೆದುಕೊಳ್ಳದೆ ಕಳಿಸಿದ್ದು. ಬಾರ್‌ಕೋಡು, ಆರ್ಡರ್ ಸಂಖ್ಯೆ, ಅಂಗಡಿಯ ಮುದ್ರೆ ಎಲ್ಲ ಇರುವ ಪೆಟ್ಟಿಗೆಯನ್ನು ಒಂದು ಗೋದಾಮು ಪ್ರೀತಿಯಿಂದ ನಿಮಗೆ ಕಳಿಸಿತು ಎಂದರೆ ನಂಬಲು ಸುಂಕದವನು ನಿಮ್ಮ ಸೋದರಮಾವನಲ್ಲ. ಬೆಲೆ ಕಡಿಮೆ ಬರೆಸುವುದು ಇನ್ನೂ ಕೆಟ್ಟದ್ದು. ಅಧಿಕಾರಿ ಅದೇ ಜಾಲತಾಣ ತೆರೆದು ಅದೇ ವಸ್ತುವಿನ ಬೆಲೆ ನೋಡಬಲ್ಲ. ನಿಮ್ಮಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಬಲ್ಲ. ಸಿಕ್ಕಿಬಿದ್ದರೆ ದಂಡ ಬೀಳಬಹುದು, ಮಾಲು ಜಪ್ತಿಯಾಗಬಹುದು. ಸಿಕ್ಕಿಬೀಳದೆ ಪಾರ್ಸೆಲ್ ಕಳೆದುಹೋದರೆ? ಇನ್ನೂರರ ವಸ್ತುವಿಗೆ ಇಪ್ಪತ್ತೆಂದು ಬರೆಸಿದವನಿಗೆ ಪರಿಹಾರವೂ ಇಪ್ಪತ್ತರ ಲೆಕ್ಕದಲ್ಲೇ.

ಇಷ್ಟು ಬೆಲೆಯವರೆಗೆ ಸುಂಕ ಅಥವಾ ತೆರಿಗೆ ಇಲ್ಲ ಎಂಬ ಮಿತಿ ಕೆಲವು ದೇಶಗಳಲ್ಲಿರುತ್ತದೆ; ಆರ್ಡರನ್ನು ಎರಡಾಗಿ ಒಡೆದು ಆ ಮಿತಿಯ ಕೆಳಗೆ ತರುವ ಜಾಣತನವೂ ಇದೇ ಜಾತಿಯದು. ಎರಡೂ ಒಂದೇ ವಿಮಾನದಲ್ಲಿ, ಒಂದೇ ವಿಳಾಸಕ್ಕೆ, ಒಂದೇ ದಿನ ಇಳಿದರೆ ಅವನ್ನು ಕೂಡಿಸಿ ಎಣಿಸುವ ಅಧಿಕಾರ ಅನೇಕ ಕಡೆ ಕಸ್ಟಮ್ಸ್‌ಗೆ ಇದೆ. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ಅಲೆದ ವ್ಯಾಪಾರಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಮುಂದೆಯೇ ಎಂಬ ಘಟ್ಟಕುಟೀಪ್ರಭಾತ ನ್ಯಾಯವನ್ನು ಹಿಂದಿನವರು ಬರೆದಿಟ್ಟದ್ದು ಸುಮ್ಮನಲ್ಲ. ಈಗಿನ ವ್ಯಾಪಾರಿ ಅಲ್ಲಿಗೆ ಎರಡು ಮೂಟೆ ಹೊತ್ತು, ಎರಡು ಸಾಗಣೆ ಖರ್ಚು ಕೊಟ್ಟು ತಲುಪುತ್ತಾನೆ.

ಮಿತಿ ಎಂದೆನಲ್ಲ, ಅದರ ಮೇಲೂ ಭರವಸೆ ಇಡುವಂತಿಲ್ಲ. 22 ಯೂರೊವರೆಗಿನ ಆಮದಿಗಿದ್ದ ತೆರಿಗೆ ವಿನಾಯಿತಿಯನ್ನು ಐರೋಪ್ಯ ಒಕ್ಕೂಟ 2021ರ ಜುಲೈ 1ರಿಂದ ತೆಗೆದುಹಾಕಿತು. ತನ್ನ 1000 ಡಾಲರ್‌ವರೆಗಿನ ಸಾಮಾನಿಗೂ ಮಾರಾಟದ ಹಂತದಲ್ಲೇ ತೆರಿಗೆ ವಸೂಲಿ ಮಾಡುವ ಪದ್ಧತಿಯನ್ನು ಆಸ್ಟ್ರೇಲಿಯ 2018ರ ಜುಲೈ 1ರಿಂದ ತಂದಿತು. ಅಮೆರಿಕ 800 ಡಾಲರ್‌ವರೆಗೆ ಕೊಡುತ್ತಿದ್ದ ಉದಾರ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಆದ್ದರಿಂದ ಎರಡು ವರ್ಷದ ಹಿಂದೆ ತರಿಸಿಕೊಂಡವರ ಸಲಹೆ ಹಳೆಯ ಪಂಚಾಂಗ. ಆರ್ಡರ್ ಮಾಡುವ ದಿನ ಕಸ್ಟಮ್ಸ್‌ನ ಸ್ವಂತ ಜಾಲತಾಣವನ್ನೇ ನೋಡಬೇಕು. ಮಿತಿಯಲ್ಲಿ ಸಾಗಣೆ ಖರ್ಚು ಸೇರುತ್ತದೋ ಇಲ್ಲವೋ ಎಂಬುದನ್ನೂ ಅಲ್ಲೇ ನೋಡಬೇಕು. ಸಾಮಾನ್ಯವಾಗಿ ಮಿತಿಯನ್ನು ಒಂದು ನಾಣ್ಯ ದಾಟಿದರೂ ತೆರಿಗೆ ಬೀಳುವುದು ಆ ಒಂದು ನಾಣ್ಯಕ್ಕಲ್ಲ, ಇಡೀ ಮೊತ್ತಕ್ಕೆ.

ಹಾಗಾದರೆ ಎಲ್ಲವನ್ನೂ ಕಾರ್ಟಿನಲ್ಲೇ ಕಟ್ಟಿಬಿಟ್ಟರೆ? ಅದು ಒಳ್ಳೆಯ ದಾರಿ. ಇದಕ್ಕೆ ಡಿಡಿಪಿ ಎಂದು ಹೆಸರು: ಸುಂಕ ಕಟ್ಟಿಯೇ ಮನೆಗೆ ಮುಟ್ಟಿಸುವ ಹೊಣೆ ಮಾರುವವನದು. ಡಿಎಪಿ ಎಂದಿದ್ದರೆ ಮನೆಯವರೆಗೆ ತರುವುದಷ್ಟೇ ಅವನದು, ಸುಂಕ ನಿಮ್ಮದು. ಒಂದು ಅಕ್ಷರದ ವ್ಯತ್ಯಾಸಕ್ಕೆ ನಮ್ಮ ಲೆಕ್ಕದ ಪ್ರಕಾರ ಐವತ್ತೇಳು ನಾಣ್ಯ. ಆದರೂ ಇಲ್ಲೊಂದು ಎಡವಟ್ಟು ಉಂಟು. ಯುರೋಪಿನಲ್ಲಿ ಮಾರುವವನು ತೆರಿಗೆಯನ್ನು ಮೊದಲೇ ವಸೂಲಿ ಮಾಡಿ, ತನ್ನ ನೋಂದಣಿ ಸಂಖ್ಯೆಯನ್ನು ಪಾರ್ಸೆಲ್ಲಿನ ವಿದ್ಯುನ್ಮಾನ ಮಾಹಿತಿಯಲ್ಲಿ ಸೇರಿಸಲು ಮರೆತರೆ, ಗಡಿಯಲ್ಲಿ ಅದೇ ತೆರಿಗೆ ಮತ್ತೆ ಬೀಳುತ್ತದೆ. ಆಗ ಬಾಗಿಲಲ್ಲಿ ನಿಂತವನ ಜೊತೆ ವಾದಿಸಿ ಪ್ರಯೋಜನವಿಲ್ಲ, ಅವನ ಕೈಯಲ್ಲಿರುವುದು ಯಂತ್ರ ಮಾತ್ರ. ತೆರಿಗೆಯನ್ನು ಬೇರೆಯಾಗಿ ತೋರಿಸಿದ ಇನ್‌ವಾಯ್ಸ್ ಮತ್ತು ಎರಡನೇ ಸಲ ಕಟ್ಟಿದ ರಸೀದಿ, ಎರಡನ್ನೂ ಮಾರುವವನಿಗೆ ಕಳಿಸಿ ಅವನಿಂದ ವಾಪಸು ಕೇಳಬೇಕು. ಕಾರ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ ಎಂದು ಹೇಳುವುದು ಇದಕ್ಕೇ. ಆಮೇಲೆ ಆ ಪುಟ ಸಿಗುವುದಿಲ್ಲ.

ಹಣದ ವಿನಿಮಯದಲ್ಲೂ ಒಂದು ಚಿಲ್ಲರೆ ನಷ್ಟವಿದೆ. 'ನಿಮ್ಮ ದೇಶದ ಹಣದಲ್ಲೇ ಪಾವತಿಸಿ' ಎಂದು ಜಾಲತಾಣ ಅಕ್ಕರೆ ತೋರಿದರೆ ಸಾಮಾನ್ಯವಾಗಿ ಆ ದರ ಕಾರ್ಡಿನ ದರಕ್ಕಿಂತ ದುಬಾರಿ. ಕಸ್ಟಮ್ಸ್‌ನ ದರ ಇನ್ನೊಂದು, ಅದನ್ನು ಅವರೇ ಆಗಾಗ ಪ್ರಕಟಿಸುತ್ತಾರೆ. ಒಂದೇ ವಸ್ತುವಿಗೆ ಮೂರು ವಿನಿಮಯ ದರ; ಯಾವುದೂ ಸುದ್ದಿಯಲ್ಲಿ ಬಂದದ್ದಲ್ಲ.

ಕಾಯುವವರ ಫೋನಿಗೆ ಇನ್ನೊಂದು ಬಗೆಯ ಮೆಸೇಜೂ ಬರುತ್ತದೆ: 'ಸಣ್ಣ ಸುಂಕ ಬಾಕಿ, ಈ ಲಿಂಕ್ ಒತ್ತಿ'. ಮೊತ್ತ ಎಷ್ಟು ಚಿಕ್ಕದೆಂದರೆ ಯೋಚಿಸಲೂ ಮನಸ್ಸಾಗದು, ಅದೇ ಬಲೆ. ಅಂಚೆಯ ಪಾರ್ಸೆಲ್ ಸಂಖ್ಯೆಗೆ ಒಂದು ರಚನೆ ಇದೆ: ಎರಡು ಅಕ್ಷರ, ಎಂಟು ಅಂಕಿ, ಒಂದು ತಾಳೆ ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆದರೆ ತಾಳೆ ಅಂಕಿ. ಕಳೆದಾಗ 10 ಬಂದರೆ 0, 11 ಬಂದರೆ 5 ಎಂದು ಹಿಡಿಯಬೇಕು. 12345678ಕ್ಕೆ ಮೊತ್ತ 204, ಶೇಷ 6, ತಾಳೆ ಅಂಕಿ 5. ತಾಳೆಯಾಗದ ಸಂಖ್ಯೆ ಸುಳ್ಳು. ತಾಳೆಯಾದದ್ದೆಲ್ಲ ಸತ್ಯವೆಂದಲ್ಲ, ಗಣಿತ ಬಲ್ಲ ಕಳ್ಳರೂ ಇದ್ದಾರೆ. ಆದ್ದರಿಂದ ಲಿಂಕ್ ಮುಟ್ಟದೆ, ಅಂಚೆಯ ಪುಟವನ್ನು ನೀವೇ ತೆರೆದು ಸಂಖ್ಯೆ ಹಾಕಿ ನೋಡಿ.

ಕೊನೆಯ ಅಧ್ಯಾಯ, ಬಂದ ವಸ್ತು ಒಡೆದಿರುವುದು. ವಾಪಸು ಕಳಿಸಿದರೆ ಅಂಗಡಿಯವನು ವಸ್ತುವಿನ ದುಡ್ಡು ಕೊಡುತ್ತಾನೆ. ಸುಂಕ ಅವನ ಬಳಿ ಇಲ್ಲ, ಅದು ನಿಮ್ಮ ಸರ್ಕಾರದ ಬಳಿ ಇದೆ. ಅದನ್ನು ಮರಳಿ ಕೇಳಲು ಅವಕಾಶವಿರುವಲ್ಲೂ ಅದೇ ವಸ್ತು ಬಂತು, ಅದೇ ವಸ್ತು ದೇಶ ಬಿಟ್ಟು ಹೋಯಿತು ಎಂಬುದಕ್ಕೆ ಸಾಕ್ಷಿ ಬೇಕು: ಆಮದಿನ ದಾಖಲೆ, ಸುಂಕದ ರಸೀದಿ, ಹೊರಗೆ ಕಳಿಸಿದ ಅಂಚೆ ರಸೀದಿ, ಅಂಗಡಿಯವನು ಹಣ ಮರಳಿಸಿದ ಪತ್ರ. ಮೊದಲು ವಾಪಸು ಕಳಿಸಿ ಆಮೇಲೆ ನಿಯಮ ಓದಿದವರ ಕೈಯಲ್ಲಿ ಈ ಕಾಗದಗಳಲ್ಲಿ ಅರ್ಧ ಇರುವುದಿಲ್ಲ. ಬದಲಿ ವಸ್ತುವನ್ನು ಅಂಗಡಿಯವನು 'ಬೆಲೆ ಸೊನ್ನೆ' ಎಂದು ಬರೆದು ಧಾರಾಳವಾಗಿ ಕಳಿಸಿದನೋ, ಅದು ಮತ್ತೆ ತಡೆಯಲ್ಲಿ ಕೂತಿತೆಂದೇ ತಿಳಿಯಿರಿ. ಸುಂಕದವನ ಶಾಸ್ತ್ರದಲ್ಲಿ ಬೆಲೆಯಿಲ್ಲದ ವಸ್ತುವಿಲ್ಲ. 'ವಾರಂಟಿ ಬದಲಿ, ಮಾರಾಟವಲ್ಲ' ಎಂದು ಬರೆದು, ಜೊತೆಗೆ ವಸ್ತುವಿನ ನಿಜವಾದ ಬೆಲೆಯನ್ನೂ ಹಳೆಯ ಆರ್ಡರ್ ಸಂಖ್ಯೆಯನ್ನೂ ನಮೂದಿಸಲು ಹೇಳಬೇಕು. ಅಷ್ಟಾದರೂ ಸುಂಕ ಬೀಳಬಹುದು. ಹಳೆಯದರ ರಸೀದಿ ಕೈಯಲ್ಲಿದ್ದರೆ ಆಕ್ಷೇಪಣೆಗೆ ದಾರಿಯಾದರೂ ಇರುತ್ತದೆ.

ಹೀಗೆ ಇನ್‌ವಾಯ್ಸ್, ಪಾವತಿಯ ಪುರಾವೆ, ಗುರುತಿನ ಚೀಟಿ, ಅಂಗಡಿಯವನ ಪತ್ರ ಎಲ್ಲವನ್ನೂ ಜೋಡಿಸಿ, ಸ್ಕ್ಯಾನ್ ಮಾಡಿ ಕಳಿಸಿ, ಗೋದಾಮಿನ ಬಾಡಿಗೆ ಏರುವ ಮುನ್ನ ಬಾಕಿಯನ್ನೂ ಕಟ್ಟಿ, ದಿನವಿಡೀ ಬಾಗಿಲ ಹತ್ತಿರವೇ ಕೂತು, ಎರಡೇ ನಿಮಿಷ ಸ್ನಾನಕ್ಕೆಂದು ಎದ್ದುಹೋಗಿ ಬಂದಾಗ ಟ್ರ್ಯಾಕಿಂಗ್ ಪುಟದಲ್ಲಿ ಕೊನೆಗೂ ಹೊಸ ಸಾಲು ಬಂದಿರುತ್ತದೆ: 'ವಿಳಾಸದಾರರು ಮನೆಯಲ್ಲಿರಲಿಲ್ಲ'.