ಕ್ವಿಜ್‌ಗೆ ಈ ಸುತ್ತುಗಳು ಯಾಕೆ ಬೇಕು?

ಓಣಂ, ಅಷ್ಟಮಿ, ಚೌತಿ ಅಂತ ಹಬ್ಬಗಳ ಸಾಲು ಶುರುವಾದರೆ ನಮ್ಮ ಕಾಸರಗೋಡಿನ ಕ್ಲಬ್‌ಗಳಲ್ಲಿ ಕ್ವಿಜ್ ಇಲ್ಲದೆ ಕಾರ್ಯಕ್ರಮವೇ ಇಲ್ಲ. ಖುಷಿಯ ವಿಷಯವೇ. ಆದರೆ ಎಲ್ಲ ಕಡೆ ಒಂದೇ ನಮೂನೆ: ಇತಿಹಾಸದ ಸುತ್ತು, ಕಲೆಯ ಸುತ್ತು, ವಿಜ್ಞಾನ, ಭಾಷೆ, ಕೊನೆಗೆ ರ‍್ಯಾಪಿಡ್ ಫೈರ್. ಈ ಸುತ್ತುಗಳನ್ನೇ ತೆಗೆದುಹಾಕಬೇಕು ಅಂತ ನನ್ನ ವಾದ.

ಕೇರಳದ ಅತಿ ದೊಡ್ಡ ಕೋಟೆ? ಬೇಕಲ. ಅತಿ ಹೆಚ್ಚು ಹೊಳೆಗಳಿರುವ ಜಿಲ್ಲೆ? ಕಾಸರಗೋಡು, 12. ಅತಿ ಚಿಕ್ಕ ಹೊಳೆ? ಮಂಜೇಶ್ವರ, 16 ಕಿ.ಮೀ. ಪ್ರಶ್ನೆ ಪೂರ್ತಿ ಓದುವ ಮೊದಲೇ ಮಕ್ಕಳು ಬಜರ್ ಒತ್ತಿರುತ್ತಾರೆ. ಎಲ್ಲವೂ ಸರಕಾರಿ ಕೆಲಸದ ಪರೀಕ್ಷೆಗೆ ಓದುವ ಗೈಡಿನಿಂದ, ಅಂದರೆ ಪಿಎಸ್‌ಸಿ ರ‍್ಯಾಂಕ್ ಫೈಲಿನಿಂದ ಎತ್ತಿದ್ದು. ಪಿಎಸ್‌ಸಿಗೆ ಓದುವವರನ್ನು ಖಂಡಿತ ತಮಾಷೆ ಮಾಡುತ್ತಿಲ್ಲ, ಒಂದು ಕ್ಲರ್ಕ್ ಕೆಲಸ ಸಿಕ್ಕರೆ ಒಂದು ಮನೆಯೇ ದಡ ಸೇರುತ್ತದೆ. ಆದರೆ ಹಬ್ಬದ ದಿನ ಊರವರೆಲ್ಲ ಕೂತು ನೋಡುವ ಕ್ವಿಜ್ ಕೂಡ ಪರೀಕ್ಷೆಯೇ ಆಗಬೇಕಾ?

ಕಾಸರಕನ ಮರವನ್ನೇ ತೆಗೆದುಕೊಳ್ಳಿ. ಮಲಯಾಳದಲ್ಲಿ ಕಾಞಿರಂ. ನಮ್ಮ ಊರಿಗೆ ಕಾಸರಗೋಡು ಅನ್ನುವ ಹೆಸರು ಈ ಮರದಿಂದಲೇ ಬಂತು ಅನ್ನುವ ವಾದ ಇದೆ. 2023ರಲ್ಲಿ ಇದನ್ನೇ ಜಿಲ್ಲೆಯ ಮರ ಅಂತ ಘೋಷಿಸಿದರು. ಹಣ್ಣು ನೋಡಲು ಕಿತ್ತಳೆಯ ಹಾಗೆ ಚಂದ, ಬೀಜದಲ್ಲಿ ಮಾತ್ರ ಸ್ಟ್ರಿಕ್ನಿನ್ ಅನ್ನುವ ಘೋರ ವಿಷ. ಸ್ನಾಯುಗಳಿಗೆ 'ಸಾಕು, ನಿಲ್ಲು' ಅಂತ ಹೇಳುವ ನರಗಳ ಸಂದೇಶವನ್ನೇ ಅದು ತಡೆಯುತ್ತದೆ, ಹಾಗಾಗಿ ಮೈಯೆಲ್ಲ ಸೆಟೆದುಕೊಂಡು, ಉಸಿರಾಡುವ ಸ್ನಾಯುಗಳೂ ಬಿಗಿದು ಮನುಷ್ಯ ಸಾಯುತ್ತಾನೆ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದ್ದ ಅಗಾಥಾ ಕ್ರಿಸ್ಟಿ, 1920ರಲ್ಲಿ ಬಂದ ತನ್ನ ಮೊದಲ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಮಾಡಿಸಿದ್ದು ಇದೇ ವಿಷದಿಂದ. ಈಗ ಹೇಳಿ, ಇದು ಯಾವ ಸುತ್ತಿನ ಪ್ರಶ್ನೆ?

ಬೇಕಲದ ವಿಷಯಕ್ಕೇ ಬನ್ನಿ. 'ಅತಿ ದೊಡ್ಡದು' ಅಂದರೆ ಅಲ್ಲಿಗೆ ಮಾತು ಮುಗಿಯಿತು. ಅದನ್ನು 17ನೇ ಶತಮಾನದಲ್ಲಿ ಕಟ್ಟಿಸಿದ್ದು ಘಟ್ಟದ ಮೇಲಿನ ಕೆಳದಿಯ ಶಿವಪ್ಪ ನಾಯಕ. ಮಲೆನಾಡಿನ ಅರಸನಿಗೆ ಇಲ್ಲಿ ಸಮುದ್ರದ ಬದಿಯಲ್ಲಿ ಏನು ಕೆಲಸ? ಕರಾವಳಿಯ ವ್ಯಾಪಾರ ಕೈಯಲ್ಲಿರಬೇಕಿತ್ತು, ಅಷ್ಟೇ. ಕೋಟೆಯ ಕಲ್ಲು ಯಾವುದು? ನಮ್ಮ ಮನೆ ಗೋಡೆಯ ಮುರಕಲ್ಲೇ. ಮಳೆ ಲಕ್ಷಾಂತರ ವರ್ಷ ತೊಳೆದೂ ತೊಳೆದೂ ಬಂಡೆಯಲ್ಲಿದ್ದ ಸಿಲಿಕಾ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದ ಕಲ್ಲು ಅದು. ಕಡಿಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಇಂಗ್ಲಿಷಿನ ಲ್ಯಾಟರೈಟ್ ಅನ್ನುವ ಹೆಸರು ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟದ್ದು, ಅದೂ ಮಲಬಾರಿನ ಅಂಗಾಡಿಪುರಂನ ಕಲ್ಲು ನೋಡಿ. ಇದೇ ಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ಕೊರೆದು, ಪಂಪು ಗಿಂಪು ಇಲ್ಲದೆ ತೋಟಕ್ಕೆ ನೀರು ತಂದವರು ನಮ್ಮ ಹಿರಿಯರು. ಕೋಟೆ, ಗೋಡೆ, ನೀರು ಎಲ್ಲ ಒಂದೇ ಕಲ್ಲಿನ ಕಥೆ. ಅದನ್ನು ತುಂಡು ಮಾಡಿ ಬೇರೆ ಬೇರೆ ಸುತ್ತಿಗೆ ಹಾಕಿದರೆ ಸ್ವಾರಸ್ಯವೇ ಹೋಯಿತು, ಅಲ್ವಾ?

ಸಾಹಿತ್ಯದಲ್ಲೂ ಇದೇ ಪಾಡು. ಮಂಜೇಶ್ವರ ಗೋವಿಂದ ಪೈಗಳಿಗೆ ಇದ್ದ ಬಿರುದು ಯಾವುದು ಅಂತ ಕೇಳುವ ಬದಲು, 1949ರಲ್ಲಿ 'ರಾಷ್ಟ್ರಕವಿ' ಬಿರುದು ಕೊಟ್ಟ ಸರಕಾರ ಯಾವುದು ಅಂತ ಕೇಳಿ. ಉತ್ತರ ಮದ್ರಾಸು. ಯಾಕೆ ಮದ್ರಾಸು ಅಂತ ಯೋಚಿಸಿದರೆ 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲು ಮದ್ರಾಸಿನಲ್ಲಿದ್ದ ಕಾಸರಗೋಡು ತಾನಾಗಿಯೇ ಕಣ್ಣೆದುರು ಬರುತ್ತದೆ.

ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ಇನ್ನೊಂದಿದೆ: ಮಲಯಾಳದ ನಿಘಂಟಿಗೂ 1946ರ ಸಾಹಿತ್ಯದ ನೊಬೆಲ್‌ಗೂ ಏನು ಸಂಬಂಧ? ನಿಘಂಟು ಮಾಡಿದ ಹರ್ಮನ್ ಗುಂಡರ್ಟ್‌ನ ಮಗಳ ಮಗನೇ ಆ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಹೆಸ್ಸೆಯ ತಾಯಿ ಹುಟ್ಟಿದ್ದು ಇಲ್ಲೇ ತೆಂಕಲ ತಲಶ್ಶೇರಿಯಲ್ಲಿ. ಗುಂಡರ್ಟ್‌ನ ಮಲಯಾಳ ನಿಘಂಟು 1872, ಮ್ಯಾನರ್‌ನ ತುಳು ನಿಘಂಟು 1886, ಕಿಟೆಲ್‌ನ ಕನ್ನಡ ನಿಘಂಟು 1894. ಮೂವರೂ ಕ್ರೈಸ್ತ ಧರ್ಮಪ್ರಚಾರಕ್ಕೆ ಬಂದಿದ್ದ ಬಾಸೆಲ್ ಮಿಷನ್‌ನವರು, ಮೂರು ಪುಸ್ತಕಗಳೂ ಹೊರಬಂದದ್ದು ಮಂಗಳೂರಿನಿಂದ. ನಾವು ಒಂದೇ ಬಸ್ಸಿನಲ್ಲಿ ಕೂತು ಆಡುವ ಮೂರು ಮಾತುಗಳು! (ಮುರಕಲ್ಲಿನ ಗೋಡೆಯ ಮೇಲಿನ ಮಂಗಳೂರು ಹಂಚು ಕೂಡ ಇದೇ ಮಿಷನ್‌ನವರು ಶುರು ಮಾಡಿದ ಉದ್ಯಮ. ಅದನ್ನು ಎಳೆದರೆ ಇವತ್ತು ಮುಗಿಯುವುದಿಲ್ಲ.)

ಇಂಥ ಪ್ರಶ್ನೆ ಇಟ್ಟರೆ ತೀರ್ಪುಗಾರರ ಹತ್ತಿರ ಜಗಳ ಆಗುತ್ತದೆ, ಒಂದು ಶಬ್ದದ ಉತ್ತರವೇ ಕ್ಷೇಮ ಅಂತ ಕ್ಲಬ್‌ನವರು ಹೇಳುತ್ತಾರೆ. ಅದೂ ನಿಜವೇ. ಹಾಗಾದರೆ ಉತ್ತರ ಒಂದೇ ಶಬ್ದ ಇರಲಿ, ಸುಳಿವು ಮೂರು ಇರಲಿ. ಮೊದಲ ಸುಳಿವಿಗೇ ಹೇಳಿದರೆ 20 ಅಂಕ, ಎರಡನೆಯದಕ್ಕೆ 10, ಮೂರನೆಯದಕ್ಕೆ 5. ಕ್ರಿಸ್ಟಿಯಿಂದ ಶುರು ಮಾಡಿ, ವಿಷಕ್ಕೆ ಬಂದು, ಊರ ಹೆಸರಿನಲ್ಲಿ ಮುಗಿಸಿ. ಆಗ ಪಿಎಸ್‌ಸಿ ಓದಿದ ಹುಡುಗ ಮಾತ್ರ ಅಲ್ಲ, ಗುಡ್ಡ ಸುತ್ತಿ ಗೊತ್ತಿರುವ ಹುಡುಗಿಗೂ ಗೆಲ್ಲಲು ದಾರಿ ಇರುತ್ತದೆ.

ಈ ಸಲ ಯಾವ ಕ್ಲಬ್‌ನವರಿಗಾದರೂ ಪ್ರಶ್ನೆ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಸುಮ್ನೆ ಮಾಡಿಕೊಡುತ್ತೇನೆ. ಚಾ, ಗೋಳಿಬಜೆ ನಿಮ್ಮದು.