ಗ್ರೆನಡಾದ ಜಾಯಿಕಾಯಿ, ಶಿರಸಿಯ ಆಯಿ

ಕ್ರೂಸ್‌ಗೆ ಹೊರಟವರು ನನ್ನನ್ನು ಕೇಳ್ತಾನೇ ಇರುತ್ತಾರೆ, "ಹಡಗು ನಿಂತ ಕಡೆ ಯಾವ ಟೂರ್ ತಗೊಳ್ಳೋದು?" ಅಂತ. ನನ್ನ ಉತ್ತರ ಒಂದೇ. ಹಡಗಿನವರು ಮಾರುವ ಟೂರ್ ಬಿಡಿ. ಅಲ್ಲಿನ ಟ್ಯಾಕ್ಸಿ ಹತ್ತಿ. ಆ ದ್ವೀಪದ ಜನ ಏನು ಬೆಳೆದು ಬದುಕುತ್ತಾರೋ ಅದನ್ನು ಹೋಗಿ ನೋಡಿ.

ಕಳೆದ ಡಿಸೆಂಬರ್‌ನಲ್ಲಿ ಶಿರಸಿಯಿಂದ ಆಯಿ, ಅಂದರೆ ನನ್ನ ಅಮ್ಮ, ಬಂದಿದ್ದಳು. ಪೋರ್ಟೊ ರಿಕೊದಲ್ಲಿ ಹಡಗು ಹತ್ತಿದೆವು. ಮೊದಲ ದ್ವೀಪದಲ್ಲಿ ಹಡಗಿನ ಟೂರ್ ಬಸ್ಸಿನಲ್ಲೇ ಹೋದೆವು. 40 ಜನ. ಗುಡ್ಡದ ಮೇಲೆ ಫೋಟೊಗೆ 10 ನಿಮಿಷ, ಒಡವೆ ಅಂಗಡಿಯಲ್ಲಿ 40 ನಿಮಿಷ. ಆಯಿ ಬಸ್ಸಿಂದ ಇಳಿಯಲೇ ಇಲ್ಲ. ಇಷ್ಟು ದೂರ ಕರ್ಕೊಂಡು ಬಂದು ಸುಮ್ನೆ ಕೂರಿಸಿದೆನಲ್ಲ ಅಂತ ನನಗೆ ಸಂಕಟವಾಯಿತು.

ಆಮೇಲೆ ಬಂತು ಗ್ರೆನಡಾ, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶ. ಸೇಂಟ್ ಜಾರ್ಜಸ್ ಬಂದರಿನ ಅಂಗಡಿಗಳನ್ನು ದಾಟಿ ಹೊರಗೆ ಬಂದರೆ ಟ್ಯಾಕ್ಸಿಗಳ ಸಾಲು. ಎಲ್ಲರೂ ಗ್ರ್ಯಾಂಡ್ ಆನ್ಸ್ ಬೀಚಿಗೆ ಕರೆಯುತ್ತಿದ್ದರು. ನಾವು ಗ್ವಾವ್ ಅಂದೆವು. ಪಶ್ಚಿಮ ಕರಾವಳಿಯ ಮೀನುಗಾರರ ಊರು ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ದಾರಿಯುದ್ದ ತಿರುವು.

ಜಾಯಿಕಾಯಿ ಬೆಳೆಗಾರರ ಸಹಕಾರ ಸಂಘದ ದೊಡ್ಡ ಉಗ್ರಾಣ ಅಲ್ಲಿದೆ. ಗ್ರೆನಡಾದ ಬಾವುಟದಲ್ಲೇ ಜಾಯಿಕಾಯಿ ಇದೆ ಅಂದಮೇಲೆ ಕೇಳಬೇಕಾ! ಬಾಗಿಲಲ್ಲೇ ಘಮ್ಮಂತ ವಾಸನೆ. ಮರದ ಹಲಗೆಗಳ ಮೇಲೆ ಕಾಯಿ ಹರವಿ ಆರೆಂಟು ವಾರ ಒಣಗಿಸುತ್ತಾರೆ. ಚಿಪ್ಪು ಒಡೆದ ಮೇಲೆ ನೀರಿಗೆ ಹಾಕುತ್ತಾರೆ. ಗಟ್ಟಿ ಕಾಯಿ ಮುಳುಗುತ್ತದೆ, ಜಳ್ಳು ತೇಲುತ್ತದೆ.

ತೋರಿಸುತ್ತಿದ್ದ ಹೆಂಗಸು ಒಂದು ಹಸಿ ಕಾಯಿ ಬಿಡಿಸಿದರು. ಒಳಗೆ ಕೆಂಪು ಕೆಂಪು ಜಾಪತ್ರೆ. ಆಯಿ ಅದನ್ನು ಇಸಕೊಂಡು, ಹೆಬ್ಬೆರಳಲ್ಲಿ ಬುಡದಿಂದ ಬಿಡಿಸಿ, ಎಲ್ಲೂ ಹರಿಯದ ಹಾಗೆ ಪತ್ರೆಯನ್ನು ಹೂವಿನಂತೆ ಇಡಿಯಾಗಿ ಎತ್ತಿದಳು. ಆ ಹೆಂಗಸು ನೋಡುತ್ತಾ ನಿಂತುಬಿಟ್ಟರು.

ಆಯಿಯ ಮೊದಲ ಪ್ರಶ್ನೆ, "ಕೇಜಿಗೆ ಎಷ್ಟು ಕೊಡ್ತ ಕೇಳು." ರೇಟಿನ ಮಾತು ಇವಾನ್ ಚಂಡಮಾರುತಕ್ಕೆ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಅದು ದ್ವೀಪದ ಬಹುಪಾಲು ಜಾಯಿಕಾಯಿ ಮರಗಳನ್ನು ಮಲಗಿಸಿತು. ಸಸಿ ನೆಟ್ಟರೆ ಹೂ ಬಿಡೋಕೆ ಆರೇಳು ವರ್ಷ. ಅದು ಗಂಡೋ ಹೆಣ್ಣೋ ಗೊತ್ತಾಗೋದೂ ಆಗಲೇ. ಗಂಡಾದರೆ ಕಾಯಿ ಇಲ್ಲ. ಆಯಿ ನಿಧಾನಕ್ಕೆ ಹೇಳಿದಳು, "ನಮ್ಮನೇಲೂ ಏಳು ವರ್ಷ ನೀರು ಹಾಕಿ, ಕಡೆಗೆ ಗಂಡು ಮರ ಹೇಳಿ ಕಡಿದ್ಯ." ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ಆಯಿಯ ಕೈ ಹಿಡಿದುಕೊಂಡರು. ಆ ಬಸ್ಸಿನಲ್ಲಿ ಇಂಥದ್ದು ಸಿಗುತ್ತಿತ್ತಾ?

ಹಡಗು ತಪ್ಪುವ ಭಯ ಇದ್ದೇ ಇದೆ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವೇ ಹೋದರೆ ಕಾಯೋದಿಲ್ಲ. ಅದಕ್ಕೇ ಎರಡು ಗಂಟೆ ಮೊದಲೇ ವಾಪಸ್ ಬನ್ನಿ. ಬಾಡಿಗೆ ಹತ್ತುವ ಮುಂಚೆಯೇ ಮಾತಾಡಿ. ಅಮೆರಿಕನ್ ಡಾಲರಾ, ಅಲ್ಲಿನ ಡಾಲರಾ ಅಂತಲೂ ಕೇಳಿಕೊಳ್ಳಿ. ಒಂದು ಅಮೆರಿಕನ್ ಡಾಲರಿಗೆ ಅಲ್ಲಿನ 2.70 ಡಾಲರ್ ಲೆಕ್ಕ, ವ್ಯತ್ಯಾಸ ಜಾಸ್ತಿ. ನಮ್ಮ ಡ್ರೈವರ್ ನಮಗಿಂತ ಹೆಚ್ಚು ಗಡಿಯಾರ ನೋಡುತ್ತಿದ್ದರು. ಕೊಟ್ಟ ದುಡ್ಡು ನೇರ ಅವರ ಕೈಗೇ ಹೋಯಿತು. ನನಗೆ ಅದೇ ದೊಡ್ಡ ಸಮಾಧಾನ.

ಅಲ್ಲಿ ಜಾಯಿಕಾಯಿಯ ಹೊರಗಿನ ಸಿಪ್ಪೆಯಿಂದ ಜಾಮ್, ಸಿರಪ್ ಮಾಡುತ್ತಾರೆ. ಒಡೆದ ಚಿಪ್ಪನ್ನು ಕಾಲುದಾರಿಗೆ ಹಾಸುತ್ತಾರೆ. ನಮ್ಮನೆಯಲ್ಲಿ ಸಿಪ್ಪೆಯನ್ನು ತೋಟದಲ್ಲೇ ಬಿಟ್ಟುಬಿಡ್ತಿದ್ದೆವು. ಈ ಮಳೆಗಾಲ ಆಯಿ ಅದನ್ನು ಆರಿಸಿ ತಂದು ಜಾಮ್ ಮಾಡಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅವು ಇದಕ್ಕೆ ಲಿಂಬೆಹಣ್ಣು ಹಾಕ್ತ್ವ?" ಅಂತ ಕೇಳಿದಳು. ಡ್ರೈವರ್ ನಂಬರ್ ಇದೆ. ಇವತ್ತು ಮೆಸೇಜ್ ಹಾಕಿ ಕೇಳಿದ್ದೇನೆ.